ದಂಡು ಬಿಟ್ಟು ಹೊರಟವನ ಕಾಗದ



ಅರ್ಜುನವಿಷಾದದ ಪ್ರಸಂಗವನ್ನು ನೀವೆಲ್ಲರೂ ಕೇಳಿದ್ದೀರಿ. ಎರಡು ಸೈನ್ಯಗಳ ನಡುವೆ ರಥ ನಿಂತಿತು, ಗಾಂಡೀವ ಕೈಯಿಂದ ಜಾರಿತು. ಅಜ್ಜ, ಗುರು, ದಾಯಾದಿಗಳನ್ನು ಕೊಂದು ಉಣ್ಣುವ ರಾಜ್ಯಭೋಗಕ್ಕಿಂತ ಭಿಕ್ಷಾನ್ನವೇ ಮೇಲೆಂದು ಅವನಿಗೆ ತೋರಿತು. ಇಂಥದೇ ಒಂದು ಸಂಶಯವನ್ನು ಫ್ರಾನ್ಸ್ ದೇಶದ ಬೋರಿಸ್ ವಿಯಾನ್ ಎಂಬಾತ 1954ರಲ್ಲಿ ಬೀದಿಯ ಜನ ಹಾಡಿಕೊಳ್ಳುವಂಥ ಹಾಡಾಗಿ ಬರೆದನು. ಅದರ ಹೆಸರು ‘ಲ ದೆಸೆರ್ತರ್’, ಎಂದರೆ ದಂಡು ಬಿಟ್ಟು ಓಡಿದವನು. ಆಗ ಫ್ರಾನ್ಸ್ ವಿಯೆಟ್ನಾಮಿನಲ್ಲಿ ಕಾದುತ್ತಿತ್ತು. ಆ ವರ್ಷದ ಮೇ 7ರಂದು ದಿಯೆನ್ ಬಿಯೆನ್ ಫು ಠಾಣ್ಯ ಕೈತಪ್ಪಿತು.

ಹಾಡೆಂದರೆ ಒಂದು ಕಾಗದ. ಯುದ್ಧಕ್ಕೆ ಬರಬೇಕೆಂಬ ಹುಕುಂ ತಲುಪಿದ ಸಾಮಾನ್ಯನೊಬ್ಬ ರಾಷ್ಟ್ರಾಧ್ಯಕ್ಷರಿಗೇ ಬರೆಯುತ್ತಾನೆ. ಬೈಗುಳವಿಲ್ಲ, ವಿನಯವಿದೆ. ಬಡವರನ್ನು ಕೊಲ್ಲುವ ಕೆಲಸ ತನ್ನದಲ್ಲವೆಂದು ತಿಳಿಸಿ, ಮನೆಯ ಬಾಗಿಲು ಮುಚ್ಚಿ, ಊರೂರು ಬೇಡುತ್ತ ಹೊರಡುವ ನಿಶ್ಚಯ ಮಾಡುತ್ತಾನೆ. ನೋಡಿರಿ, ಇಲ್ಲಿಯೂ ಭಿಕ್ಷೆಯೇ ಬಂತು!

ಆದರೆ ಭೇದವುಂಟು. ಅರ್ಜುನ ಅತ್ತದ್ದು ತನ್ನವರಿಗಾಗಿ. ಎದುರಿಗೆ ಪರಕೀಯರಷ್ಟೇ ನಿಂತಿದ್ದರೆ ಗಾಂಡೀವ ಜಾರುತ್ತಿತ್ತೇ? ಈ ಮನುಷ್ಯನಿಗೆ ಎದುರಿನವರ ಹೆಸರು ತಿಳಿಯದು, ಮುಖ ತಿಳಿಯದು. ಬಡತನವೊಂದರಿಂದಲೇ ಅವರ ಗುರುತು ಹಿಡಿದನು. ‘ಸ್ವಜನ’ ಎಂಬ ಶಬ್ದವನ್ನು ಈತ ಅರ್ಜುನನಿಗಿಂತ ದೊಡ್ಡದು ಮಾಡಿದನೆಂದೇ ನಾವು ತಿಳಿಯುತ್ತೇವೆ. ಪಂಡಿತರು ಮುನಿದರೆ ಮುನಿಯಲಿ.

ಹಾಡಿನ ಕೊನೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ವಿಯಾನ್ ಮೊದಲು ಬರೆದಾಗ, ಹಿಡಿಯಲು ಬರುವ ಪೊಲೀಸರಿಗೆ ತನ್ನಲ್ಲಿ ಆಯುಧವಿದೆ, ಗುರಿಯೂ ಗೊತ್ತಿದೆ ಎಂಬ ಎಚ್ಚರಿಕೆಯಿತ್ತು. ಹಾಡಬೇಕಾಗಿದ್ದ ಮೂಲೂಜಿ ಎಂಬ ಗಾಯಕ ಅದನ್ನು ಒಪ್ಪಲಿಲ್ಲ. ಕೊನೆ ಬದಲಾಯಿತು: ಈತ ಬರಿಗೈಯಲ್ಲಿರುತ್ತಾನೆ, ಅವರು ಬೇಕಾದರೆ ಸುಡಲಿ. ಕೊಲ್ಲಲಾರೆನೆಂದು ಹೊರಟವನ ಕೈಯಲ್ಲಿ ಬಂದೂಕೇಕೆ? ಅದಿರುವ ತನಕ ಅವನು ಯುದ್ಧವನ್ನು ಬಿಟ್ಟಿಲ್ಲ, ಶತ್ರುವನ್ನು ಬದಲಿಸಿಕೊಂಡಿದ್ದಾನೆ. ಆ ಪೊಲೀಸನೂ ಸಂಬಳಕ್ಕೆ ನಿಂತ ಬಡವನೇ ಅಲ್ಲವೇ! ಹಾಗೆಂದು ಮೊದಲಿನ ಕೊನೆಯನ್ನು ಸುಳ್ಳೆನ್ನಲಾರೆವು. ಬೆನ್ನಟ್ಟಿಸಿಕೊಂಡವನ ಮನಸ್ಸು ಆಯುಧವನ್ನೇ ತಡಕುತ್ತದೆ.

ಸೈನ್ಯದಲ್ಲಿ ಮಕ್ಕಳಿರುವ ತಾಯಂದಿರು ಈ ಸಭೆಯಲ್ಲಿದ್ದೀರಿ. ಇದು ನಮ್ಮ ಮಗನಿಗೆ ಮಾಡಿದ ಅವಮಾನವೆಂದು ನಿಮಗೆ ನೋವಾಗಬಹುದು. ಪ್ಯಾರಿಸ್ ನಗರಸಭೆಯ ಸದಸ್ಯರೊಬ್ಬರಿಗೂ ಹಾಗೆಯೇ ಅನಿಸಿ, 1955ರಲ್ಲಿ ಹಾಡನ್ನು ನಿಲ್ಲಿಸಬೇಕೆಂದರು. ತನ್ನ ಹಾಡು ಸೈನಿಕರ ವಿರುದ್ಧವಲ್ಲ, ಸಾಮಾನ್ಯ ಪ್ರಜೆಯ ಪರವಾದುದೆಂದು ವಿಯಾನ್ ಬಹಿರಂಗ ಪತ್ರದಲ್ಲಿ ಉತ್ತರ ಕೊಟ್ಟನು. ನಮ್ಮಲ್ಲಿ ಹುಡುಗರು ಇಚ್ಛೆಪಟ್ಟು ದಂಡು ಸೇರುತ್ತಾರೆ. ಫ್ರಾನ್ಸಿನಲ್ಲಿ ಅಂದು ಸೈನ್ಯಸೇವೆ ಕಡ್ಡಾಯವಾಗಿತ್ತು. ಆದರೂ ಹಾಗೆ ಕರೆಸಿಕೊಂಡ ಹುಡುಗರನ್ನು ವಿಯೆಟ್ನಾಮಿಗೆ ಕಳಿಸಿರಲಿಲ್ಲ. ಅಲ್ಜೀರಿಯದ ಯುದ್ಧಕ್ಕೆ ಕಳಿಸಿದರು. ಹಾಡಿನೊಳಗಿನ ಹುಕುಂ ಆಗ ಮನೆಮನೆಯ ಬಾಗಿಲಿಗೆ ಬಂತು. ರೇಡಿಯೋದಲ್ಲಿ ಮಾತ್ರ ಹಾಡಿಗೆ ತಡೆಯಿತ್ತು. ಆ ಯುದ್ಧ ಮುಗಿದದ್ದು 1962ರಲ್ಲಿ. ಹೃದ್ರೋಗಿಯಾಗಿದ್ದ ವಿಯಾನ್ 1959ರಲ್ಲಿಯೇ, 39ರ ವಯಸ್ಸಿಗೆ, ತೀರಿಕೊಂಡಿದ್ದನು.