ಋತುಚಕ್ರ, ಹಾರ್ಮೋನು ಮತ್ತು ಮನಸ್ಸು



ದನ ಸಾಕಿದ ಮನೆಯಲ್ಲಿ ಬೆಳೆದವರಿಗೆ 'ಬೆದೆ' ಎಂಬ ಮಾತು ಹೊಸದಲ್ಲ. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೇವು ಬಿಟ್ಟು ಕೂಗುತ್ತದೆ. ಹೆಚ್ಚುಕಡಿಮೆ ಒಂದು ದಿನ ಕಳೆಯಿತೆಂದರೆ ಎಲ್ಲವೂ ಶಾಂತ. ಆಮೇಲೆ ಹೋರಿಯನ್ನು ಹತ್ತಿರ ಸೇರಿಸುವುದಿಲ್ಲ. ಇದರ ಹಿಂದಿರುವ ಮುಖ್ಯ ಹಾರ್ಮೋನು ಈಸ್ಟ್ರೋಜನ್. ದನಗಳನ್ನು ಕಚ್ಚಿ ಕಂಗೆಡಿಸುವ ನೊಣವೊಂದರ ಗ್ರೀಕ್ ಹೆಸರಿನಿಂದ ಈ ಪದ ಹುಟ್ಟಿತು. ಮೂಳೆಗಳನ್ನೂ ಕಾಪಾಡುವ ಹಾರ್ಮೋನಿಗೆ ಇದು ಸ್ವಲ್ಪ ಅನ್ಯಾಯದ ಹೆಸರೇ ಸರಿ.

ಹೆಣ್ಣಿನ ಶರೀರದಲ್ಲಿಯೂ ಇದೇ ಹಾರ್ಮೋನು ಏರಿಳಿಯುತ್ತದೆ. ಮುಟ್ಟು ನಿಂತ ಮೇಲೆ ಕ್ರಮೇಣ ಏರಿ, ಅಂಡಾಶಯದಿಂದ ಅಂಡ ಹೊರಬರುವುದಕ್ಕೆ ತುಸು ಮುಂಚೆ ಶಿಖರ ಮುಟ್ಟುತ್ತದೆ. ಅಂಡ ಹೊರಬಂದ ನಂತರ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚುತ್ತದೆ. ಹಾಗಾದರೆ ಕಾಮಾಸಕ್ತಿಯೂ ಇವುಗಳ ಜೊತೆ ಏರಿಳಿಯುವುದೇ?

ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಜೇಮ್ಸ್ ರೋನಿ ಮತ್ತು ಜಾಕರಿ ಸಿಮನ್ಸ್ ಕಾಲೇಜು ಯುವತಿಯರ ಜೊಲ್ಲಿನಲ್ಲಿ ಹಾರ್ಮೋನುಗಳನ್ನು ದಿನದಿನವೂ ಅಳೆದು, ಅವರ ದಿನಚರಿಯೊಡನೆ ತಾಳೆ ನೋಡಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಈಸ್ಟ್ರೋಜನ್ ಏರಿದ ಒಂದೆರಡು ದಿನಗಳಲ್ಲಿ ಆಸಕ್ತಿ ತುಸು ಏರುತ್ತಿತ್ತು. ಪ್ರೊಜೆಸ್ಟರಾನ್ ಹೆಚ್ಚಿದಾಗ ಇಳಿಯುತ್ತಿತ್ತು. ಹಲವರು ಕಾರಣವೆಂದು ಭಾವಿಸಿದ್ದ ಟೆಸ್ಟೋಸ್ಟೆರಾನ್‌ಗೂ ಈ ಏರಿಳಿತಕ್ಕೂ ಸಂಬಂಧ ಕಾಣಲಿಲ್ಲ. ಅನಂತರ ಜರ್ಮನಿಯ ಸಂಶೋಧಕರು ಮಹಿಳೆಯರ 26,000 ದಿನಚರಿ ಬರಹಗಳನ್ನು ಪರಿಶೀಲಿಸಿ, ಅಂಡ ಹೊರಬರುವ ದಿನಗಳಲ್ಲಿ ಇಂಥದೇ ಏರಿಕೆಯನ್ನು ಗುರುತಿಸಿದರು. ಹಾರ್ಮೋನು ಇರುವ ಗರ್ಭನಿರೋಧಕ ಬಳಸುತ್ತಿದ್ದವರಲ್ಲಿ ಅದು ಕಾಣಲಿಲ್ಲ.

ಆದರೆ ನೆನಪಿಡಿ, ಇದು ಸರಾಸರಿಯ ಮಾತು. ಹಸುವಿನ ಬೆದೆಯಂತೆ ಬಾಗಿಲು ತೆರೆದು ಮುಚ್ಚುವ ವಿಷಯವಲ್ಲ. ಮನುಷ್ಯರಲ್ಲಿ ಆಸಕ್ತಿ ಯಾವ ದಿನವಾದರೂ ಮೂಡಬಹುದು, ಮೂಡದೆಯೂ ಇರಬಹುದು. ನಿದ್ದೆಗೆಟ್ಟ ರಾತ್ರಿ, ಪರೀಕ್ಷೆಯ ಚಿಂತೆ, ಕೆಲವು ಔಷಧಗಳು, ಎಲ್ಲಕ್ಕಿಂತ ಮಿಗಿಲಾಗಿ ಎದುರಿನವರ ಮೇಲಿನ ನಂಬಿಕೆ, ಇವು ಹಾರ್ಮೋನಿಗಿಂತ ಜೋರಾಗಿ ಮಾತನಾಡುತ್ತವೆ.

ಪದವಿ ಕಾಲೇಜೊಂದರಲ್ಲಿ ಉಪನ್ಯಾಸ ಮುಗಿದ ಮೇಲೆ ಎರಡು ಚೀಟಿ ಬಂದವು. ಒಂದರಲ್ಲಿ, "ತಿಂಗಳ ನಡುವೆ ಇಂಥ ಭಾವನೆ ಬರುತ್ತದೆ, ನಾನು ಕೆಟ್ಟವಳೇ?" ಎಂದಿತ್ತು. ಅಲ್ಲವೇ ಅಲ್ಲಮ್ಮ. ಹಸಿವು, ನಿದ್ದೆಗಳಂತೆ ಅದೂ ಸಹಜ, ಬಾರದಿದ್ದರೂ ದೋಷವಲ್ಲ. ಇನ್ನೊಂದು ಚೀಟಿ ಹುಡುಗನದು: "ಆ ದಿನಗಳಲ್ಲಿ ಹುಡುಗಿ ಒಪ್ಪಿಯೇ ಒಪ್ಪುತ್ತಾಳಂತೆ, ನಿಜವೇ?" ಇದಕ್ಕೆ ನಾನು ಸ್ವಲ್ಪ ಗಡುಸಾಗಿಯೇ ಉತ್ತರಿಸಿದೆ. ಮನಸ್ಸಿನಲ್ಲಿ ಆಸೆ ಮೂಡುವುದು ಬೇರೆ, ಒಪ್ಪಿಗೆ ಬೇರೆ. ಒಪ್ಪಿಗೆಯನ್ನು ಆಕೆ ತಾನಾಗಿ ಹೇಳಬೇಕು, ಕ್ಯಾಲೆಂಡರ್ ಹೇಳಲಾರದು.

ಕ್ಯಾಲೆಂಡರಿನ ಲೆಕ್ಕವಾದರೂ ನೆಚ್ಚುವಂಥದೇ? ಮೈನೆರೆದ ಮೊದಲ ಕೆಲವು ವರ್ಷ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ. ಎಷ್ಟೋ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಮುಟ್ಟಿನ ದಿನಾಂಕವನ್ನು ಬರೆದಿಡುವುದು ಒಳ್ಳೆಯ ಅಭ್ಯಾಸವೇ. ಮೂರು ತಿಂಗಳು ಮುಟ್ಟು ಕಾಣದಿದ್ದರೆ ಆ ಪುಸ್ತಕವನ್ನೇ ವೈದ್ಯರ ಮುಂದಿಡಿ, ಅವರ ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರವಿರುತ್ತದೆ.