ಮಕ್ಕಳೂ ಮಾದಕ ವಸ್ತುಗಳೂ
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ವ್ಯಸನದ ಮಾತೆತ್ತಿದೊಡನೆ ನಮ್ಮ ಕಣ್ಣು ಹೆಂಡದಂಗಡಿಯ ಕಡೆಗೆ ಹೊರಳುವುದು. ಅದು ಸಹಜವೇ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲ ಮರಗಳಿಗೆ ಕೊಡಲಿ ಹಾಕಿ ಸೆರೆಮನೆ ಸೇರಿದವರ ನಾಡು ನಮ್ಮದು. ಆದರೆ ಕೊಡಲಿಗೆ ಸಿಕ್ಕದ ಬೇರೊಂದು ನಮ್ಮ ಮನೆಗಳೊಳಗೇ ಇದೆ.

ನಾಡು ಹರಿದು ಹಂಚಿಹೋಗಿದ್ದ ದಿನಗಳ ಸಂಗತಿಯೊಂದನ್ನು ನೆನೆಯಿರಿ. 1948ರಲ್ಲಿ ಮದರಾಸು ಪ್ರಾಂತವೆಲ್ಲ ಪಾನನಿರೋಧಕ್ಕೆ ಒಳಪಟ್ಟಿತು. ಬಳ್ಳಾರಿಯು ಆಗ ಆ ಪ್ರಾಂತದಲ್ಲಿತ್ತು. ತುಂಗಭದ್ರೆಯ ಆಚೆಯ ರಾಯಚೂರು ಹೈದರಾಬಾದಿನದು. ಅಲ್ಲಿ ಆ ಕಟ್ಟಳೆಯಿರಲಿಲ್ಲ. ನುಡಿಯೊಂದೇ, ಹೊಳೆಯೊಂದೇ, ಒಂದು ದಂಡೆಯಲ್ಲಿ ಅಪರಾಧವಾದುದು ಇನ್ನೊಂದು ದಂಡೆಯಲ್ಲಿ ಅಬಕಾರಿಯ ಆದಾಯ! 1956ರ ಏಕೀಕರಣದಿಂದ ಆ ಗಡಿಯೇನೋ ಅಳಿಯಿತು. ವ್ಯಸನವು ಅಳಿಯಲಿಲ್ಲ.

ಕಾಯಿದೆ ಇಲ್ಲವೆಂದಲ್ಲ. ಹದಿನೆಂಟು ತುಂಬದವರಿಗೆ ತಂಬಾಕು ಮಾರಕೂಡದೆಂದು, ಶಾಲೆಯಿಂದ ನೂರು ಗಜದೊಳಗೆ ಅದರ ಮಾರಾಟವೇ ಕೂಡದೆಂದು 2003ರ ಕಾಯಿದೆ ವಿಧಿಸಿತು. ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆಯುಂಟು. ನಾವು ವಕೀಲರು ಇಂಥ ಕಲಮುಗಳನ್ನು ಬಾಯಿಪಾಠ ಹೇಳಿ ತೃಪ್ತರಾಗುವೆವು. ಆದರೆ ಎಂಟು ವರ್ಷದ ಮಗನ ಕೈಗೆ ಕಾಸು ಕೊಟ್ಟು “ಓಡಿಹೋಗಿ ಬೀಡಿ ಕಟ್ಟೊಂದು ತಾರಪ್ಪ” ಎನ್ನುವ ತಂದೆಯ ಮೇಲೆ ಫಿರ್ಯಾದಿ ಕೊಡುವವರಾರು? ಹುಡುಗನಿಗೆ ಅಂಗಡಿಯ ದಾರಿ ತೋರಿದವರು ನಾವೇ.

ಮುಂಬಯಿಯ ಗಿರಣಿಗಳ ಕೂಲಿಹೆಂಗಸರು ಕೆಲಸಕ್ಕೆ ಹೋಗುವಾಗ ಕೂಸುಗಳಿಗೆ ‘ಬಾಲಗೋಳಿ’ ಎಂಬ ಅಫೀಮಿನ ಗುಳಿಗೆಯನ್ನು ತಿನ್ನಿಸಿ ಮಲಗಿಸುತ್ತಿದ್ದರು. ಆ ತಾಯಂದಿರನ್ನು ನಾವು ದೂಷಿಸಲಾರೆವು. ಹೊಟ್ಟೆಯ ಪಾಡು ಅಂಥದು. ಆದರೆ ಕೂಸಿಗೆ ಆ ಮತ್ತು ಬಂದುದು ಹಿರಿಯರ ಕೈಯಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಎಳೆಯರಿಗೇ ಏಕೆ ಅಪಾಯ ಹೆಚ್ಚು? ಸುಖವನ್ನು ಬಯಸುವ ಮಿದುಳಿನ ಭಾಗವು ಹರೆಯದಲ್ಲಿಯೇ ಚುರುಕಾಗುವುದು. ಹಿಂದುಮುಂದು ನೋಡಿ ತಡೆಯುವ ಭಾಗವು ಪಕ್ವವಾಗಲು ಇಪ್ಪತ್ತೈದರ ಸುಮಾರಾಗುವುದು. ಕುದುರೆ ಓಡತೊಡಗಿದ ಮೇಲೆ ಕಡಿವಾಣ ಬಂದಂತೆ! ಮೊದಲು ಸುಖಕ್ಕಾಗಿ ಸೇವಿಸಿದುದನ್ನು ಬರಬರುತ್ತ ನೋವು ತಪ್ಪಿಸಿಕೊಳ್ಳಲು ಸೇವಿಸಬೇಕಾಗುವುದು. ಬೀಡಿಯಾಗಲಿ, ಗಾಂಜಾ ಆಗಲಿ, ಕೆಮ್ಮಿನ ಔಷಧಿಯಾಗಲಿ, ಮೂಸುವ ಅಂಟಾಗಲಿ, ದಾರಿ ಬಹುಮಟ್ಟಿಗೆ ಇದೇ. ತಂದೆತಾಯಿಗಳಲ್ಲಿ ವ್ಯಸನವಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು. ಮನೆಯಲ್ಲಿ ಪೆಟ್ಟು, ಅವಮಾನ, ಒಂಟಿತನಗಳಿದ್ದರೆ ಇನ್ನೂ ಹೆಚ್ಚು. ಹಾಗೆಂದು ಅದು ಹಣೆಯ ಬರಹವಲ್ಲ.

ಹೆದರಿಸುವ ಉಪನ್ಯಾಸಗಳಲ್ಲಿ ನಮಗೆ ನಂಬಿಕೆ ಕಡಿಮೆ. ನರಕದ ಚಿತ್ರ ಬಿಡಿಸಿದರೆ, ಒಮ್ಮೆ ಸೇದಿಯೂ ನೆಟ್ಟಗಿರುವ ಗೆಳೆಯನನ್ನು ಕಂಡ ಹುಡುಗ ನಮ್ಮ ಮಾತನ್ನೆಲ್ಲ ಸುಳ್ಳೆನ್ನುವನು. ಇದ್ದುದನ್ನು ಇದ್ದಂತೆ ಹೇಳಬೇಕು. ಗೆಳೆಯರು ಒತ್ತಾಯಿಸಿದಾಗ ಮುಖಭಂಗವಿಲ್ಲದೆ ‘ಬೇಡ’ ಎನ್ನುವುದನ್ನು ಕಲಿಸಬೇಕು. ಸಂಜೆಯ ಹೊತ್ತಿಗೆ ಆಟದ ಬಯಲು ಬೇಕು, ವಾಚನಾಲಯ ಬೇಕು. ಎಷ್ಟೋ ಊರುಗಳಲ್ಲಿ ಸಂಜೆ ತೆರೆದಿರುವುದು ಗೂಡಂಗಡಿಯೊಂದೇ!

ಹುಡುಗನೊಬ್ಬ ಸಿಕ್ಕಿಬಿದ್ದನೆನ್ನಿ. ಹೆಸರು ಹೊಡೆದು ಹೊರಗೆ ಹಾಕುವುದು ಸುಲಭ. ಮರುದಿನ ಅವನು ನಿಲ್ಲುವುದು ಅದೇ ಗೂಡಂಗಡಿಯ ಮುಂದೆ. ಅವನ ಹೆಸರು ಹಾಜರಿ ಪುಸ್ತಕದಲ್ಲಿಯೇ ಇರಲಿ. ತಂದೆಯನ್ನು ಕರೆಯಿಸಿ ಏಕಾಂತದಲ್ಲಿ ಮಾತನಾಡಿರಿ, ವೈದ್ಯರಲ್ಲಿಗೆ ಕಳುಹಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ತಂದೆ ಬಂದಾಗ ಅವನ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಕಂಡರೆ, ಮಾತನ್ನು ಅಲ್ಲಿಂದಲೇ ಆರಂಭಿಸಬಹುದು. ನಮ್ಮ ಮೇಜಿನ ಮೇಲೆ ನಶ್ಯದ ಡಬ್ಬಿಯಿದ್ದರೆ ಮಾತ್ರ ಅದನ್ನು ಮೊದಲು ತೆಗೆದಿಡಬೇಕಾದೀತು.