ಬ್ರೆಡ್ಡು ಹಂಚಿ ಬಂದಿರಿ, ಸಭೆಗೆ ಯಾರು ಹೋದಿರಿ?

(ಬೆಂಗಳೂರಿನಲ್ಲಿ ನಡೆದ ಕನ್ನಡ ಯುವಜನರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮೊಳೆ ಜೋಡಿಸಲು ಕೂತವನು. ಇನ್ನೊಬ್ಬರ ಮಾತು ಅಚ್ಚು ಹಾಕಿ ಹೊಟ್ಟೆ ಹೊರೆದವನು. ಇವತ್ತು ನನ್ನದೇ ಒಂದು ಮಾತಿದೆ. ಕಹಿಯಾದರೂ ಕೇಳಬೇಕು.

೨೦೧೯ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂತು. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತು. ನಮ್ಮ ಹುಡುಗರು ಸುಮ್ಮನೆ ಕೂರಲಿಲ್ಲ. ಬ್ರೆಡ್ಡು, ಬಿಸ್ಕತ್ತು, ಚಾದರ, ಸೀರೆ ಎಲ್ಲ ಲಾರಿಗೆ ತುಂಬಿಕೊಂಡು ಹೋದರು. ಲಾರಿ ಮುಂದೆ ಕಟ್ಟಿದ ಬ್ಯಾನರು ನನ್ನ ಪ್ರೆಸ್ಸಿನದೇ, ದುಡ್ಡೂ ಎಣಿಸಿಕೊಂಡೆ! ಎರಡು ದಿನ ಹಂಚಿದರು, ಫೋಟೋ ತೆಗೆಸಿಕೊಂಡರು, ವಾಪಸ್ಸು ಬಂದರು. ಆ ಹುಡುಗರ ಬೆವರನ್ನು ನಾನು ಹಗುರ ಮಾಡುವುದಿಲ್ಲ. ಹಸಿದವನಿಗೆ ಅವತ್ತಿನ ಬ್ರೆಡ್ಡೇ ದೇವರು.

ಆದರೆ ಒಂದು ಪ್ರಶ್ನೆ. ಲಾರಿ ತಿರುಗಿ ಬಂದ ಮೇಲೆ ಆ ಊರುಗಳಲ್ಲಿ ಒಂದು ಸಭೆ ನಡೆಯುತ್ತದೆ. ಯಾರ ಮನೆ ಪೂರ್ತಿ ಬಿದ್ದಿದೆ, ಯಾರದು ಅರ್ಧ, ಯಾರಿಗೆ ಪರಿಹಾರ, ಊರು ಇಲ್ಲೇ ಇರಬೇಕೋ ಬೇರೆ ಕಡೆ ಹೋಗಬೇಕೋ ಎಂಬುದೆಲ್ಲ ಅಲ್ಲಿ ಮಾತಿಗೆ ಬರುತ್ತದೆ. ೨೦೧೯ರಲ್ಲಿ ಪೂರ್ತಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿ ಎಂದು ಸರ್ಕಾರ ಸಾರಿತು. ಮನೆ ಎ ಪಟ್ಟಿಯಲ್ಲಿದ್ದರೆ ೫ ಲಕ್ಷ. ಸಿ ಪಟ್ಟಿಗೆ ಜಾರಿದರೆ ಅದರ ಸಣ್ಣದೊಂದು ಪಾಲು. ಪಟ್ಟಿಯ ಒಂದು ಅಕ್ಷರದಲ್ಲಿ ಒಂದು ಸಂಸಾರದ ಬದುಕಿದೆ! ಆ ಪಟ್ಟಿ ಓದುವ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋದೆವು?

ಬೇರೆಯವರನ್ನು ಕೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ.

೨೦೦೯ರಲ್ಲಿ ನಾನು ಬಾದಾಮಿ ಕಡೆಯ ಒಂದು ಊರಲ್ಲಿ ಸಣ್ಣ ಪ್ರೆಸ್ಸು ಇಟ್ಟಿದ್ದೆ. ಒಂದು ಟ್ರೆಡಲ್ ಮಷಿನ್ನು, ನಾಲ್ಕು ಕೇಸು ಮೊಳೆ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಸುರಿದ ಮಳೆ ಉತ್ತರ ಕರ್ನಾಟಕದಲ್ಲಿ ೨೦೦ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮನೆಗಳು ನೆನೆದು ನೆನೆದು ಕುಸಿದವು. ನನ್ನ ಅಕ್ಕನ ಊರು ಮಲಪ್ರಭೆ ದಂಡೆಯದು. ಅಕ್ಕನ ಮನೆಯೂ ಹೋಯಿತು.

ಸರ್ಕಾರ 'ಆಸರೆ' ಎಂದು ಯೋಜನೆ ಮಾಡಿತು. ದಾನಿಗಳ ನೆರವಿನಿಂದ ಹೊಸ ಮನೆ, ಎತ್ತರದ ಜಾಗದಲ್ಲಿ ಹೊಸ ಊರು. ಅಕ್ಕನ ಊರಲ್ಲಿ ಅದಕ್ಕೊಂದು ಸಭೆ ಕರೆದರು. ಸಭೆಯ ಕರಪತ್ರ ಅಚ್ಚಾಗಿದ್ದು ನನ್ನ ಪ್ರೆಸ್ಸಿನಲ್ಲೇ. 'ಬೆಳಿಗ್ಗೆ ೧೧ ಗಂಟೆಗೆ, ಸರ್ವರೂ ಬರಬೇಕು' ಎಂದು ಮೊಳೆ ಜೋಡಿಸಿದವನು ನಾನು. ನಾನು ಹೋಗಲಿಲ್ಲ. ತುಳಸಿ ಲಗ್ನ ಮುಗಿದಿತ್ತು, ಲಗ್ನಪತ್ರಿಕೆಯ ಗಡಿಬಿಡಿ. ಅಕ್ಕ ಹೋದಳು. ಬಾಗಿಲಲ್ಲೇ ಪುಸ್ತಕ ಮುಂದೆ ಇಟ್ಟು 'ಹಾಜರಿ ಹಾಕವ್ವಾ' ಅಂದರು, ಸಹಿ ಹಾಕಿದಳು. ಹೆಂಗಸರು ಹಿಂದೆ ನಿಂತರು, ಮುಂದಿನವರ ಮಾತು ಕೇಳಲಿಲ್ಲ. ಬಿಸಿಲೇರಿತು, ಮನೆಗೆ ಬಂದರು.

ಆಮೇಲೆ ಗೊತ್ತಾಯಿತು. ಆ ಹಾಜರಿ ಸಹಿಗಳ ಮೇಲೆಯೇ ಠರಾವು ಬರೆದುಕೊಂಡಿದ್ದರು. 'ಸದರಿ ಜಾಗಕ್ಕೆ ಸರ್ವಾನುಮತದಿಂದ ಒಪ್ಪಲಾಗಿದೆ.' ಜಾಗ ಹೊಲದಿಂದ ಮೂರು ಕಿಲೋಮೀಟರು ದೂರ. ಮನೆಗೆ ದನದ ಕೊಟ್ಟಿಗೆ ಇಲ್ಲ, ಹಗೇವು ಇಲ್ಲ, ಕಣ ಇಲ್ಲ. 'ಎತ್ತು ಎಲ್ಲಿ ಕಟ್ಟೂದು?' ಎಂಬ ಒಂದು ಪ್ರಶ್ನೆಯನ್ನು ಆ ಸಭೆಯಲ್ಲಿ ಕೇಳಿದವರಿಲ್ಲ. ಅಕ್ಕ ಹೊಸ ಊರಿಗೆ ಹೋಗಲೇ ಇಲ್ಲ. ಹಳೇ ಊರಲ್ಲೇ ತಗಡು ಹೊದಿಸಿಕೊಂಡಳು. ಹತ್ತು ವರ್ಷಕ್ಕೆ, ೨೦೧೯ರಲ್ಲಿ, ಅದೇ ಹೊಳೆ ಅದೇ ಮನೆಗೆ ಎದೆಮಟ್ಟ ಬಂತು. ಒಂದು ಎಮ್ಮೆ ಹೋಯಿತು. ನಾನು ಬೆಂಗಳೂರಿಂದ ಓಡಿಹೋದೆ. ಅಕ್ಕ ಅಂದಳು: 'ತಮ್ಮಾ, ಆಗ ನೀ ಅಚ್ಚು ಹಾಕಿದ ಚೀಟಿ ಬಂತು. ನೀ ಬರಲಿಲ್ಲ ನೋಡು.'

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎರಡಕ್ಷರ ಕಲಿತವನು ನಾನು. 'ಈ ಠರಾವು ಓದಿ ಹೇಳಿ' ಎಂದು ಎದ್ದು ನಿಂತಿದ್ದರೆ ಸಾಕಿತ್ತು.

ಇದು ಹಳ್ಳಿ ಕತೆ, ನಮಗೇಕೆ ಅಂತೀರಾ? ಬೆಂಗಳೂರಿಗೆ ಬನ್ನಿ. ೨೦೨೨ರ ಸೆಪ್ಟೆಂಬರ್‌ನಲ್ಲಿ ರಾಜಕಾಲುವೆ ಉಕ್ಕಿ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಮುಳುಗಿದವು. ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿದ್ದನ್ನು ದೇಶವೇ ನೋಡಿತು. ಅದೇ ನೀರು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮ ಜನರ ತಗಡಿನ ಶೆಡ್ಡುಗಳಿಗೂ ನುಗ್ಗಿತ್ತು. ಅದನ್ನು ನೋಡಿದವರು ಕಡಿಮೆ. ಆಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಅವರ ಅವಧಿ ೨೦೨೦ರ ಸೆಪ್ಟೆಂಬರ್‌ಗೇ ಮುಗಿದಿತ್ತು. ಜನರ ಪರ ಕೇಳಬೇಕಾದವರು ಜನರೇ ಆಗಿದ್ದರು.

ನನ್ನ ಪ್ರೆಸ್ಸು ಇರುವ ಬೀದಿಗೂ ನೀರು ಬಂದು ೪೦ ರೀಮು ಕಾಗದ ಮುದ್ದೆಯಾಯಿತು. ಆಮೇಲೆ ಬಡಾವಣೆಯಲ್ಲಿ ಒಂದು ಸಭೆ. ಈ ಸಲ ಹೋದೆ. ಇದ್ದವರು ಹದಿನೈದು ಜನ. ಮುಕ್ಕಾಲು ಪಾಲು ಅಪಾರ್ಟ್‌ಮೆಂಟಿನವರು. ಮಾತೆಲ್ಲ ಇಂಗ್ಲಿಷು: ಸ್ಟಾರ್ಮ್ ವಾಟರ್ ಡ್ರೈನು, ರಿಟೈನಿಂಗ್ ವಾಲು... ಹಿಂದೆ ಒಬ್ಬ ಹೂ ಮಾರುವ ಅಜ್ಜಿ ಕೂತಿದ್ದರು. ನನ್ನ ಕಿವಿಯಲ್ಲಿ ಕೇಳಿದರು: 'ಏನಪ್ಪಾ ಮಾತಾಡ್ತಾವ್ರೆ?' ರಾಜಕಾಲುವೆ ವಿಷಯ ಅಂದೆ. 'ಅಯ್ಯೋ, ಅದರ ಗೋಡೆ ಎಲ್ಲಿ ಒಡೀತು ಅಂತ ನಾನು ನೋಡಿವ್ನಿ!' ಅಂದರು. ನಲವತ್ತು ವರ್ಷ ಆ ಕಾಲುವೆ ದಂಡೆಯಲ್ಲಿದ್ದ ಹೆಂಗಸು! ಗೋಡೆ ಒಡೆದ ಜಾಗ ಗೊತ್ತಿದ್ದದ್ದು ಆಕೆಗೆ. ಮಾತಾಡಿದವರು ಬೇರೆಯವರು.

ಆ ಅಪಾರ್ಟ್‌ಮೆಂಟಿನವರನ್ನು ನಾನು ಬಯ್ಯಲಿಲ್ಲ. ನೀವೂ ಬಯ್ಯಬೇಡಿ. ಅವರು ಫೈಲು ಹಿಡಿದು, ಫೋಟೋ ಹಿಡಿದು ಬಂದಿದ್ದರು. ನಾವು ಬಂದೇ ಇರಲಿಲ್ಲ! ಎದ್ದು ನಿಂತು 'ಸ್ವಾಮಿ, ದಯವಿಟ್ಟು ಕನ್ನಡದಲ್ಲಿ ಹೇಳಿ, ಅಜ್ಜಿಯವರಿಗೆ ಒಂದು ವಿಷಯ ಹೇಳಲಿಕ್ಕಿದೆ' ಅಂದೆ. ಇಂಜಿನಿಯರು ಕನ್ನಡದವರೇ, ತಕ್ಷಣ ಒಪ್ಪಿದರು. ಅಜ್ಜಿಯ ಮಾತು ನಡಾವಳಿಗೆ ಹತ್ತಿತು. ನಾನು ಆ ನಡಾವಳಿಯ ಪ್ರತಿ ಪಡೆದು, ಅರ್ಧ ಹಾಳೆಯಲ್ಲಿ ಅಚ್ಚು ಹಾಕಿ ೩೦೦ ಮನೆಗೆ ಹಂಚಿದೆ. ಮುಂದಿನ ಸಭೆಗೆ ಅರವತ್ತು ಜನ! ಎಲ್ಲ ಸರಿಹೋಯಿತು ಎಂದು ಸುಳ್ಳು ಹೇಳಲಾರೆ. ಗೋಡೆ ಕಟ್ಟಿದರು, ಹೂಳು ಇನ್ನೂ ಇದೆ. ಆದರೆ ಬಿಟ್ಟುಹೋಗಿದ್ದ ಹನ್ನೊಂದು ಬಾಡಿಗೆ ಮನೆಯವರ ಹೆಸರು ಪಟ್ಟಿಗೆ ಸೇರಿತು.

ಕನ್ನಡ ಉಳಿಸಿ ಎಂದು ಬೋರ್ಡಿಗೆ ಹೋರಾಡುತ್ತೇವೆ, ಹೋರಾಡೋಣ. ೧೯೬೩ರಲ್ಲೇ ಕನ್ನಡವನ್ನು ಆಡಳಿತ ಭಾಷೆ ಮಾಡಿ ಕಾಯ್ದೆ ಬಂದಿದೆ. ಆದರೆ ಮನೆ ಕಳೆದುಕೊಂಡ ಕನ್ನಡತಿ ತನ್ನ ಕಷ್ಟ ಹೇಳಬೇಕಾದ ಸಭೆಯಲ್ಲಿ ಕನ್ನಡ ಇಲ್ಲದಿದ್ದರೆ ಆ ಕಾಯ್ದೆ ಎಲ್ಲಿ ಬದುಕಿದೆ?

ತಮ್ಮಂದಿರೇ, ತಂಗಿಯರೇ, ಈ ಐದು ಮಾತು ಬರೆದುಕೊಳ್ಳಿ.

ಒಂದು: ಸಭೆಯ ದಿನ ಮೊದಲೇ ತಿಳಿಯಿರಿ, ತಿಳಿಸಿ. ಕೂಲಿಗೆ ಹೋಗುವವರು ಬರುವ ಹೊತ್ತಿಗೆ ಸಭೆ ಇಡಿ ಎಂದು ಕೇಳಿ.

ಎರಡು: ಪರಿಹಾರದ ಪಟ್ಟಿಯನ್ನು ಎಲ್ಲರ ಮುಂದೆ, ಗಟ್ಟಿಯಾಗಿ, ಕನ್ನಡದಲ್ಲಿ ಓದಿಸಿ. ಬಾಡಿಗೆಯವರು, ಒಂಟಿ ಹೆಂಗಸರು, ಶೆಡ್ಡಿನವರು ಬಿಟ್ಟುಹೋಗಿದ್ದಾರಾ ನೋಡಿ.

ಮೂರು: ಹಾಜರಿ ಬೇರೆ, ಒಪ್ಪಿಗೆ ಬೇರೆ. ಸಹಿಯ ಪಕ್ಕದಲ್ಲಿ 'ಹಾಜರಿ ಮಾತ್ರ' ಎಂದು ಬರೆಯಿರಿ. ಠರಾವು ಓದಿ ಮುಗಿಯದೆ ಒಪ್ಪಿಗೆಯ ಸಹಿ ಬೇಡ. ಖಾಲಿ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆಸಿ.

ನಾಲ್ಕು: ಮೈಕು ಕಿತ್ತುಕೊಳ್ಳಬೇಡಿ. ಮುಳುಗಿದವರು ಮಾತಾಡಲಿ, ನೀವು ಪಕ್ಕದಲ್ಲಿ ನಿಲ್ಲಿ.

ಐದು: ನಡಾವಳಿಯ ಪ್ರತಿ ಕೇಳಿ. ಕೊಡದಿದ್ದರೆ ೨೦೦೫ರ ಮಾಹಿತಿ ಹಕ್ಕು ಕಾಯ್ದೆ ಇದೆ. ೧೦ ರೂಪಾಯಿ ಶುಲ್ಕ, ೩೦ ದಿನ. ಅರ್ಜಿ ಕನ್ನಡದಲ್ಲೇ ಕೊಡಬಹುದು, ಕಾಯ್ದೆಯ ೬ನೇ ಕಲಮೇ ಹೇಳುತ್ತದೆ. ಮುಂದಿನ ತಿಂಗಳು ಅದನ್ನು ಹಿಡಿದು ಮತ್ತೆ ಹೋಗಿ.

ಗ್ರಾಮಸಭೆ, ವಾರ್ಡ್ ಸಮಿತಿ ಇವು ಯಾರೂ ಕೊಟ್ಟ ಭಿಕ್ಷೆಯಲ್ಲ. ೧೯೯೨ರ ೭೩, ೭೪ನೇ ತಿದ್ದುಪಡಿಯಲ್ಲಿ ಸಂವಿಧಾನವೇ ಬರೆದಿಟ್ಟ ಹಕ್ಕು. ಖಾಲಿ ಬಿಟ್ಟ ಕುರ್ಚಿ ಖಾಲಿ ಇರುವುದಿಲ್ಲ, ಇನ್ನೊಬ್ಬರು ಬಂದು ಕೂರುತ್ತಾರೆ.

ಮುಂದಿನ ನೆರೆಗೂ ಲಾರಿ ಕಟ್ಟಿ. ಬ್ಯಾನರು ನಾನೇ ಹಾಕಿಕೊಡುತ್ತೇನೆ. ಆದರೆ ಲಾರಿ ವಾಪಸ್ಸು ಬರುವಾಗ ನಿಮ್ಮಲ್ಲಿ ಇಬ್ಬರು ಅಲ್ಲೇ ಇಳಿದುಕೊಳ್ಳಿ. ಸಭೆ ಮುಗಿಸಿ ಬನ್ನಿ. ಆ ಸಭೆಯ ಕರಪತ್ರ ನನ್ನ ಪ್ರೆಸ್ಸಿನಲ್ಲಿ ಪುಕ್ಕಟೆ. ಈ ಸಲ ಹಂಚಲು ನಾನೂ ಬರುತ್ತೇನೆ.

ಜೈ ಕರ್ನಾಟಕ!